ಬೋಣಿಯಾಗುವ ತನಕ

ದ್ವೀಪದಜ್ಜಿ ಮಾರುಕಟ್ಟೆಯ ತನ್ನ ಹಲಗೆಯಲ್ಲಿ ಅರ್ಧವನ್ನು ನನಗೆ ಬಿಟ್ಟುಕೊಡುವಾಗ ಎರಡು ಷರತ್ತು ಹಾಕಿದ್ದಳು. ಒಂದು ತಿಂಗಳು ನೋಡುತ್ತೇನೆ, ಅಷ್ಟರಲ್ಲಿ ನನ್ನ ಬೋಣಿ ಕೆಡದಿದ್ದರೆ ಜಾಗ ನಿನ್ನದು, ಕೆಟ್ಟರೆ ಬೋಗುಣಿ ಎತ್ತಿಕೊಂಡು ಹೊರಡಬೇಕು ಎಂಬುದು ಮೊದಲನೆಯದು. ಬೆಳಿಗ್ಗೆ ಬೋಣಿಯಾಗುವ ತನಕ ಕನ್ನಡಕ ತೆಗೆದಿಡಬೇಕು ಎಂಬುದು ಎರಡನೆಯದು.

ಎರಡನೆಯದನ್ನು ಕೇಳಿ ನಾನು ನಗಲಿಲ್ಲ. ಕೊರಿಯಾದ ಈ ಬಂದರು ಊರು ಗುನ್ಸಾನ್‌ನಲ್ಲೇ ಹುಟ್ಟಿ ಬೆಳೆದವಳಿಗೆ ಅದು ಹೊಸ ಮಾತಲ್ಲ. ದಿನದ ಮೊದಲ ಗಿರಾಕಿ ಹೆಂಗಸಾದರೆ ವ್ಯಾಪಾರಿಯ ಮುಖ ಸಪ್ಪಗಾಗುತ್ತಿತ್ತು. ಕನ್ನಡಕ ಹಾಕಿದ ಹೆಂಗಸಾದರೆ ಅಪಶಕುನ. ಅವಳು ಬೆಲೆ ಕೇಳಿ, ಏನೂ ಕೊಳ್ಳದೆ ಹೋದರಂತೂ ಆ ದಿನ ಮುಳುಗಿತೆಂದೇ ಲೆಕ್ಕ. ಬೆಳಗಿನ ಹೊತ್ತು ಟ್ಯಾಕ್ಸಿಯವರು ಕೂಡ ನನ್ನಂಥವರನ್ನು ಕಂಡರೆ, ಚಾಚಿದ ಕೈ ನೋಡದವರಂತೆ ಮುಂದೆ ಹೋಗುತ್ತಿದ್ದರು. ಅದಕ್ಕಾಗಿಯೇ ನಾನು ಮದುವೆಯಾದಂದಿನಿಂದ ಹತ್ತು ಗಂಟೆಗೆ ಮುಂಚೆ ಮಾರುಕಟ್ಟೆಗೆ ಕಾಲಿಟ್ಟವಳಲ್ಲ.

ಒಮ್ಮೆ ಮಾತ್ರ ಇಟ್ಟಿದ್ದೆ. ಮಾವನ ತಿಥಿಯ ದಿನ, ಮನೆಯಲ್ಲಿ ಮೂಲಂಗಿ ಇಲ್ಲದೆ, ಏಳು ಗಂಟೆಗೇ ಓಡಿದ್ದೆ. ಬೆಲೆ ಕೇಳಿದೆ, ಹೆಚ್ಚೆನಿಸಿತು, ಪಕ್ಕದ ಅಂಗಡಿಯ ಕಡೆ ತಿರುಗಿದೆ. ಕುತ್ತಿಗೆಯ ಹಿಂಭಾಗಕ್ಕೆ ಏನೋ ಚುರುಚುರು ಬಡಿಯಿತು. ಮುಟ್ಟಿ ನೋಡಿದರೆ ಕಲ್ಲುಪ್ಪು. ಹೊರಟವರ ಬೆನ್ನಿಗೆ ಉಪ್ಪು ಎಸೆದರೆ ದರಿದ್ರ ಅವರ ಜೊತೆಗೇ ಹೋಗುತ್ತದೆಂದು ನಂಬಿಕೆ. ನಾನು ತಿರುಗಿ ನೋಡಲಿಲ್ಲ. ಮನೆಗೆ ಬಂದು ಮೂಲಂಗಿ ಇಲ್ಲದೆಯೇ ಸಾರು ಮಾಡಿದೆ. ಅವತ್ತು ಎಡೆ ಇಡುವಾಗಲೂ ಕಾಲರಿನೊಳಗಿಂದ ಒಂದೊಂದೇ ಹರಳು ಜಾರುತ್ತಿತ್ತು.

ಆದರೆ ಈ ಸಲ ನಾನು ಕೊಳ್ಳಲು ಬಂದಿರಲಿಲ್ಲ. ಹದಿನೇಳು ವರ್ಷ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಮಾಡಿದ್ದೆ. ಶಾಲೆಯ ಅಭ್ಯಾಸಪುಸ್ತಕಗಳ ಸಣ್ಣಕ್ಷರ ನೋಡಿ ನೋಡಿ ನನ್ನ ಕನ್ನಡಕದ ಗಾಜು ವರ್ಷದಿಂದ ವರ್ಷಕ್ಕೆ ದಪ್ಪವಾಗಿತ್ತು. ದೇಶವೇ ಸಾಲಕ್ಕೆ ಸಿಕ್ಕಿಬಿದ್ದ ಆ ಚಳಿಗಾಲದಲ್ಲಿ ಅಚ್ಚುಕೂಟವೂ ಬಾಗಿಲು ಹಾಕಿತು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ದಾಸೊಲ್‌ಗೆ ಹದಿನಾಲ್ಕು. ನಲವತ್ಮೂರರ ಹೆಂಗಸನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಎರಡು ತಿಂಗಳು ಕೇಳದ ಬಾಗಿಲಿಲ್ಲ.

ನನಗಿದ್ದದ್ದು ಒಂದೇ ಒಂದು ಧೈರ್ಯ. ಅಚ್ಚುಕೂಟದಲ್ಲಿ ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿದಾಗ ಮೊದಲು ಖಾಲಿಯಾಗುತ್ತಿದ್ದದ್ದು ನನ್ನ ಡಬ್ಬಿಯ ಮೂಲೆ. ಸೋಯಾ ಸಾಸಿನಲ್ಲಿ ಬೇಯಿಸಿದ ಕಪ್ಪು ಕಾಳಿಗೆ ಮಾಲೀಕರೂ ಚಾಪ್‌ಸ್ಟಿಕ್ ಚಾಚುತ್ತಿದ್ದರು. ಅನ್ನದ ಜೊತೆಗಿನ ಇಂಥ ಪಲ್ಯಗಳನ್ನು ಮನೆಯಲ್ಲಿ ಮಾಡಲು ಪುರುಸೊತ್ತಿಲ್ಲದವರು ಊರಲ್ಲಿ ಬೇಕಾದಷ್ಟಿದ್ದರು. ಬೇಕಾದದ್ದು ಒಂದು ದೊಡ್ಡ ಪಾತ್ರೆ, ನಾಲ್ಕು ಬೋಗುಣಿ, ಕೂರಲು ಮೂರಡಿ ಜಾಗ.

ಅದಕ್ಕೆ ಹಣ ಎಲ್ಲಿಂದ ಬಂತೆಂದು ಹೇಳದಿದ್ದರೆ ಈ ಕತೆ ಪ್ರಾಮಾಣಿಕವಾಗುವುದಿಲ್ಲ. ಜನವರಿಯಲ್ಲಿ ಜನರೆಲ್ಲ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತು ಮನೆಯ ಚಿನ್ನವನ್ನು ದೇಶದ ಸಾಲಕ್ಕೆಂದು ತಂದೊಪ್ಪಿಸುತ್ತಿದ್ದರು. ನಾನೂ ನಿಂತಿದ್ದೆ. ಮದುವೆಯ ಉಂಗುರ ಕೊಟ್ಟೆ. ದಾಸೊಲ್‌ಳ ಮೊದಲ ಹುಟ್ಟುಹಬ್ಬಕ್ಕೆ ನೆಂಟರು ಕೊಟ್ಟಿದ್ದ ಮೂರು ಪುಟ್ಟ ಉಂಗುರಗಳು ಎಡಗೈಯ ಕೈಗವಸಿನೊಳಗಿದ್ದವು. ಅವನ್ನು ತೆಗೆಯಲಿಲ್ಲ. ಹಿಂದೆ ನಿಂತಿದ್ದ ಮುದುಕಿಯೊಬ್ಬಳು ತನ್ನ ಹಲ್ಲಿನ ಚಿನ್ನವನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು. ಆ ಮೂರು ಉಂಗುರಗಳೇ ಪಾತ್ರೆಯಾದವು, ಬೋಗುಣಿಯಾದವು, ದ್ವೀಪದಜ್ಜಿಗೆ ಕೊಟ್ಟ ಮುಂಗಡವಾದವು.

ದ್ವೀಪದಜ್ಜಿಯ ನಿಜವಾದ ಹೆಸರು ಮಾರುಕಟ್ಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಐವತ್ತು ವರ್ಷದ ಹಿಂದೆ ಯಾವುದೋ ದ್ವೀಪದಿಂದ ಒಣಮೀನಿನ ಬುಟ್ಟಿ ಹೊತ್ತು ಬಂದವಳು. ಈಗ ಮಂಡಿ ನೋವಿಗೆ ಅಷ್ಟು ಮೀನು ತರಿಸಲಾಗದೆ ಅರ್ಧ ಹಲಗೆ ಖಾಲಿ ಬಿದ್ದಿತ್ತು. ಎದುರಿಗೆ ಟೋಫು ಮಾರುವ ದಪ್ಪನೆಯ ಹೆಂಗಸನ್ನು ಎಲ್ಲರೂ ಟೋಫು ಅಕ್ಕ ಎನ್ನುತ್ತಿದ್ದರು. ನನ್ನನ್ನು ಅಜ್ಜಿ ಊರ ರೂಢಿಯಂತೆ ದಾಸೊಲ್ ಅಮ್ಮ ಎಂದಳು. ಟೋಫು ಅಕ್ಕ ಮಾತ್ರ ಮೊದಲ ದಿನವೇ ನನಗೆ ಕಾಲೇಜಮ್ಮ ಎಂದು ಹೆಸರಿಟ್ಟಳು.

"ಏನ್ ಕಾಲೇಜಮ್ಮ, ಪುಸ್ತಕ ಓದಿ ಓದಿ ಕೊನೆಗೆ ಕಾಳು ಬೇಯ್ಸೋಕೆ ಬಂದ್ಯಾ? ನಾವು ಓದ್ದೇನೇ ಬಂದ್ವಿ, ಸೀದಾ ದಾರೀಲಿ."

ನಗಬೇಕೆಂದು ತಿಳಿಯಿತು, ನಕ್ಕೆ.

ಮಾರುಕಟ್ಟೆಯ ಹೆಂಗಸರಿಗೆಲ್ಲ ಮೇಲಿನ ತೊಲೆಯಲ್ಲಿ ತಮ್ಮದೇ ಒಂದು ಮೊಳೆಯಿತ್ತು. ಏಪ್ರನ್, ಚೀಲ, ಛತ್ರಿ ಎಲ್ಲ ಅದಕ್ಕೇ. ಇನ್ನೊಬ್ಬರ ಮೊಳೆಗೆ ಯಾರೂ ಕೈ ಹಾಕುತ್ತಿರಲಿಲ್ಲ. ಸತ್ತವರ ಮೊಳೆಯನ್ನು ಕೂಡ ಒಂದು ವರ್ಷ ಕೀಳುತ್ತಿರಲಿಲ್ಲ. ನನಗೆ ಮೊಳೆಯಿರಲಿಲ್ಲ. ಇಡೀ ದಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಸಂಜೆ ಮನೆಗೆ ಹೋದರೆ ದಾಸೊಲ್ ಕೇಳುತ್ತಿದ್ದದ್ದು ಎಷ್ಟು ಮಾರಾಟವಾಯಿತೆಂದಲ್ಲ. ಅಮ್ಮ, ಮೊಳೆ ಹೊಡೆದ್ರಾ ಎಂದು ಕೇಳುತ್ತಿದ್ದಳು.

ಕನ್ನಡಕವಿಲ್ಲದ ಬೆಳಗು ಹೇಗಿರುತ್ತದೆಂದು ಕಣ್ಣು ನೆಟ್ಟಗಿರುವವರಿಗೆ ಹೇಳುವುದು ಕಷ್ಟ. ಟೋಫು ಅಕ್ಕ ಒಂದು ಬಿಳಿಯ ಗುಡ್ಡ. ದಾರಿಯಲ್ಲಿ ಬರುವವರೆಲ್ಲ ನೀರಿನಲ್ಲಿ ಕದಡಿದ ಬಣ್ಣ. ಹತ್ತಿರ ಬಂದು ಬಗ್ಗಿದರಷ್ಟೇ ಮುಖವೆಂಬುದು ಮೂಡುತ್ತಿತ್ತು, ಅದೂ ಮೂಗು, ಬಾಯಿ ಬೇರೆಬೇರೆಯಾಗಿ. ನಾನು ದನಿಯಿಂದ, ನಡಿಗೆಯಿಂದ, ಕೋಟಿನ ಬಣ್ಣದಿಂದ ಜನರನ್ನು ಗುರುತಿಸಲು ಕಲಿತೆ. ನೋಟು ಮುಟ್ಟಿ ಎಷ್ಟರದೆಂದು ಹೇಳಲು ಕಲಿತೆ. ಬೋಣಿಯಾದ ಕೂಡಲೇ ಅಜ್ಜಿ ಆ ನೋಟಿಗೆ ತುಪುಕ್ಕೆಂದು ಉಗಿದು, ಹಣೆಗೊತ್ತಿಕೊಂಡು, "ಹಾಕ್ಕೊ" ಎನ್ನುತ್ತಿದ್ದಳು. ಆಗ ಲೋಕ ಮತ್ತೆ ಗೆರೆ ಗೆರೆಯಾಗಿ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು.

ಇಪ್ಪತ್ತೈದು ದಿನ ಬೋಣಿ ಕೆಡಲಿಲ್ಲ. ನಾನು ದಿನ ಎಣಿಸುತ್ತಿದ್ದೆ. ಅಜ್ಜಿಯೂ ಎಣಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ಇಪ್ಪತ್ತಾರನೆಯ ದಿನ ಸಮುದ್ರದ ಮಂಜು ಮಾರುಕಟ್ಟೆಯೊಳಗೇ ನುಗ್ಗಿತ್ತು. ಎಂಟಾದರೂ ಜನವಿಲ್ಲ. ಅಜ್ಜಿ ಮೀನಿನ ಹರಾಜಿಗೆ ಹೋಗಿದ್ದಳು. ಹೋಗುವಾಗ ತನ್ನ ಕಡೆಯ ಮೀನನ್ನೂ, ಹಲಗೆಯ ಕೆಳಗಿನ ಉಪ್ಪಿನ ಬಟ್ಟಲನ್ನೂ ತೋರಿಸಿ, ಎರಡನ್ನೂ ನೋಡ್ಕೊ ಎಂದಿದ್ದಳು.

ಆಗ ಒಬ್ಬ ಹೆಂಗಸು ಬಂದಳು. ಕಂದು ಕೋಟು. ಮುಖವಿರಬೇಕಾದ ಕಡೆ ಎರಡು ಕಡೆ ಬೆಳಕು ಮಿನುಗಿತು. ಕನ್ನಡಕ. ಅವಳು ಮೊದಲು ಎಲೆಯ ಉಪ್ಪಿನಕಾಯಿಯ ಬೆಲೆ ಕೇಳಿದಳು, ಆಮೇಲೆ ಕಮಲದ ದಂಟಿನದು, ಆಮೇಲೆ ಸಣ್ಣ ಒಣಮೀನಿನ ಪಲ್ಯದ್ದು. ಪ್ರತಿಯೊಂದರ ಬೆಲೆಯನ್ನೂ ತನ್ನಷ್ಟಕ್ಕೇ ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡಳು. ಕಾಳನ್ನು ರುಚಿ ನೋಡಬಹುದೇ ಎಂದಳು. ಕಡ್ಡಿಯಲ್ಲಿ ಎರಡು ಚುಚ್ಚಿ ಕೊಟ್ಟೆ. ನಿಧಾನವಾಗಿ, ಬಹಳ ಹೊತ್ತು ಅಗಿದಳು.

"ಕಾಳು ಗಟ್ಟಿಯಾಗಿಲ್ವಲ್ಲ," ಎಂದಳು. "ನಾನು ಮಾಡಿದ್ರೆ ಕಲ್ಲಿನ ಥರ ಆಗುತ್ತೆ. ಹೇಗೆ ಮಾಡ್ತೀರ ನೀವು?"

ಓದಿದವರ ಮಾತು, ತೂಗಿ ಆಡಿದ ಮಾತು. ಆ ದನಿಯನ್ನು ನಾನು ಬಲ್ಲೆ ಎನಿಸಿತು. ಅವಳ ಪರಿಚಯವಿತ್ತೆಂದಲ್ಲ. ಎರಡು ತಿಂಗಳ ಹಿಂದೆ ನಾನು ಇದೇ ಸಾಲಿನಲ್ಲಿ ಇದೇ ದನಿಯಲ್ಲಿ ಬೆಲೆಗಳನ್ನು ಕೇಳುತ್ತಾ, ಯಾರು ಏನು ಮಾರುತ್ತಾರೆ, ನಾನೇನು ಮಾರಬಲ್ಲೆ ಎಂದು ನೋಡುತ್ತಾ ನಡೆದಿದ್ದೆ. ಇವಳೂ ಕೆಲಸ ಕಳೆದುಕೊಂಡವಳೇ. ಇವಳಿಗೂ ಒಂದು ಪಾತ್ರೆ, ನಾಲ್ಕು ಬೋಗುಣಿ ಬೇಕಾಗಿವೆ. ಅಷ್ಟು ತಿಳಿದದ್ದೇ ತಡ, ನನಗೆ ಕನಿಕರ ಬರಬೇಕಿತ್ತು. ಬಂದದ್ದು ಹೆದರಿಕೆ. ಮಾರುಕಟ್ಟೆಯಲ್ಲಿ ಕಪ್ಪು ಕಾಳು ಮಾರುವವಳು ನಾನೊಬ್ಬಳೇ.

"ಎಲ್ಲರೂ ಮಾಡೋ ಹಾಗೆ," ಎಂದೆ.

ಅವಳು ಮತ್ತೆ ಬರ್ತೀನಿ ಎಂದು ಮೆಲ್ಲಗೆ ಹೇಳಿ ತಿರುಗಿದಳು.

"ಅಯ್ಯೋ, ಹೋದ್ಳಲ್ಲ ಕೊಳ್ದೇನೇ," ಎಂದು ಎದುರಿನ ಬಿಳಿಯ ಗುಡ್ಡ ಮಾತಾಡಿತು. "ಇಬ್ರ ಬೋಣಿನೂ ತಿಂದ್ಕೊಂಡು ಹೋದ್ಳು. ಉಪ್ಪು ಹಾಕು ಬೇಗ. ಅಜ್ಜಿ ಬಂದು ಕೇಳಿದ್ರೆ ನಾನಂತೂ ಸುಳ್ಳು ಹೇಳಲ್ಲ."

ಇನ್ನು ನಾಲ್ಕು ದಿನ. ನನ್ನ ಕೈ ಹಲಗೆಯ ಕೆಳಗೆ ಹೋಯಿತು. ಚೆಲ್ಲಿದೆ ಎಂದು ಬರೆಯಬಹುದಿತ್ತು, ಉದುರಿಸಿದೆ ಎನ್ನಬಹುದಿತ್ತು. ಬಹಳ ದಿನ ಯೋಚಿಸಿದ್ದೇನೆ. ಎಸೆದೆ. ಹಿಡಿ ತುಂಬ ಕಲ್ಲುಪ್ಪನ್ನು ತೆಗೆದು, ಆ ಕಂದು ಕೋಟಿನ ಮೇಲಕ್ಕೆ, ಬಲವಾಗಿ ಎಸೆದೆ. ಅಷ್ಟು ಮಂಜಿನಲ್ಲೂ ಉಪ್ಪು ಬಟ್ಟೆಗೆ ಬಡಿದ ಸದ್ದು ಕೇಳಿಸಿತು.

ಅವಳು ನಿಂತಳು. ತಿರುಗಿದಳು. ಮುಖವಿರಬೇಕಾದ ಕಡೆ ಮತ್ತೆ ಎರಡು ಮಿನುಗು. ಅವಳು ನನ್ನನ್ನು ನೋಡುತ್ತಿದ್ದಳು, ನನಗೆ ಅವಳು ಕಾಣುತ್ತಿರಲಿಲ್ಲ. ಆಮೇಲೆ ಕಂದು ಬಣ್ಣ ಮಂಜಿನಲ್ಲಿ ಕರಗಿತು.

"ಹೂಂ," ಎಂದಳು ಟೋಫು ಅಕ್ಕ, ಮೆಚ್ಚಿಕೊಂಡವಳ ಹಾಗೆ. "ಕೈ ಗಟ್ಟಿ ಇದೆ ಕಾಲೇಜಮ್ಮಂದು."

ಅಂದು ಆದದ್ದನ್ನು ಏನೆನ್ನಬೇಕೋ ಗೊತ್ತಿಲ್ಲ. ಕಾಲು ಗಂಟೆಯೊಳಗೆ ಗಂಡಸೊಬ್ಬ ಬಂದು, ಮನೆಯಲ್ಲಿ ಸಾವಾಗಿದೆ, ಮೂರು ದಿನ ಬಂದವರಿಗೆಲ್ಲ ಊಟ ಹಾಕಬೇಕು ಎಂದು ನನ್ನ ನಾಲ್ಕೂ ಬೋಗುಣಿ ಖಾಲಿ ಮಾಡಿಸಿದ. ಅಜ್ಜಿಯ ಮೀನೂ ಎರಡು ಕಟ್ಟು ಹೋಯಿತು. ಅಜ್ಜಿ ಹರಾಜಿನಿಂದ ಬಂದಾಗ ಟೋಫು ಅಕ್ಕ ನಡೆದದ್ದನ್ನೆಲ್ಲ ಕೈಬಾಯಿ ತಿರುಗಿಸಿ ಹೇಳಿದಳು, ನಾನು ಎಸೆದದ್ದನ್ನು ಎರಡು ಸಲ ಅಭಿನಯಿಸಿಯೂ ತೋರಿಸಿದಳು. ಅಜ್ಜಿ ಊಟದ ಹೊತ್ತಿಗೆ ಎಲ್ಲಿಂದಲೋ ಸುತ್ತಿಗೆ ತಂದು, ಸ್ಟೂಲು ಹತ್ತಲು ನನ್ನ ಭುಜ ಹಿಡಿದು, ತನ್ನ ಮೊಳೆಯ ಪಕ್ಕಕ್ಕೆ ಒಂದು ಹೊಸ ಮೊಳೆ ಹೊಡೆದಳು.

"ಇನ್ನು ನಾಕು ದಿನ ಯಾಕೆ? ಇವತ್ತಿಗೆ ನೀನು ಮಾರ್ಕೆಟ್ಟೋಳಾದೆ," ಎಂದಳು.

ಹದಿನೇಳು ವರ್ಷದಲ್ಲಿ ಅಚ್ಚುಕೂಟದವರು ನನಗೆ ಕೊಟ್ಟದ್ದು ಒಂದು ಕುರ್ಚಿ. ಅದರ ಮೇಲೂ ನನ್ನ ಹೆಸರಿರಲಿಲ್ಲ. ಈ ಮೊಳೆಗಾಗಿ ನಾನು ದೇಶಕ್ಕೆ ಕೊಡಬೇಕಾದದ್ದನ್ನು ಕೈಗವಸಿನಲ್ಲಿ ಬಚ್ಚಿಟ್ಟಿದ್ದೆ, ಇಪ್ಪತ್ತಾರು ಬೆಳಗು ಕುರುಡಿಯಂತೆ ಕೂತಿದ್ದೆ. ಚೀಲವನ್ನು ಅದಕ್ಕೆ ತಗುಲಿಸಿದೆ. ಬೆರಳ ಸಂದಿಯಲ್ಲಿ ಇನ್ನೂ ಉಪ್ಪಿತ್ತು.

ಮನೆಗೆ ಹೋಗಿ ಹೇಳಿದಾಗ ದಾಸೊಲ್ ಚಪ್ಪಾಳೆ ತಟ್ಟಿದಳು. ಎಷ್ಟು ಉದ್ದದ ಮೊಳೆ ಎಂದು ಕೇಳಿದಳು. ಬೆರಳಿನಲ್ಲಿ ತೋರಿಸಿದೆ. ಏನು ಮಾಡಿ ಅದು ಸಿಕ್ಕಿತೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವಳು ಓದಲು ಕೂತಾಗ ಪುಸ್ತಕವನ್ನು ಮುಖಕ್ಕೆ ತೀರ ಹತ್ತಿರ ಹಿಡಿಯುತ್ತಿದ್ದಾಳೆಂದು ಅವತ್ತೇ ನಾನು ಗಮನಿಸಿದ್ದು. ಇನ್ನೊಂದು ವರ್ಷದಲ್ಲಿ ಇವಳಿಗೂ ಕನ್ನಡಕ ಬರುತ್ತದೆ. ಇವಳೂ ಯಾವತ್ತೋ ಒಂದು ಬೆಳಿಗ್ಗೆ ಯಾವುದೋ ಅಂಗಡಿಯ ಮುಂದೆ ನಿಂತು ಬೆಲೆ ಕೇಳುತ್ತಾಳೆ.

ಮಾರನೆಯ ದಿನ ನಾನು ಕನ್ನಡಕ ತೆಗೆಯಲಿಲ್ಲ.

ಅಜ್ಜಿ ಮೀನನ್ನು ಸಾಲಾಗಿ ಜೋಡಿಸುತ್ತಿದ್ದವಳು ಒಮ್ಮೆ ನೋಡಿದಳು. ಮರೆತಿರಬೇಕೆಂದುಕೊಂಡು ಇನ್ನೊಂದು ಸಾಲು ಜೋಡಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ತೆಗಿ," ಎಂದಳು.

"ತೆಗೆಯಲ್ಲ ಅಜ್ಜಿ."

"ಮೊಳೆ ಸಿಕ್ತು ಅಂತ ಕೊಬ್ಬಾ?"

"ಅಲ್ಲ. ನಿನ್ನೆ ಬಂದವಳು ಮತ್ತೆ ಬರ್ತೀನಿ ಅಂದಿದ್ಲು. ನಾನು ಅವಳ ಮುಖಾನೇ ನೋಡಿಲ್ಲ. ಬಂದ್ರೆ ನನಗೆ ಕಾಣ್ಬೇಕು."

"ಬರಲ್ಲ. ಉಪ್ಪು ಬಿದ್ದೋರು ಬರಲ್ಲ." ಮೀನಿನ ಬಾಲಗಳನ್ನು ಒಂದೇ ಸಮಕ್ಕೆ ತಂದಳು. "ಬಂದ್ರೂ ಏನ್ಮಾಡ್ತೀಯ?"

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. ಅಜ್ಜಿಯ ಬೋಣಿ ಇನ್ನೂ ಆಗಿಲ್ಲ, ನಾನು ಕನ್ನಡಕ ಹಾಕಿಕೊಂಡು ಅವಳ ಹಲಗೆಯಲ್ಲಿ ಕೂತಿದ್ದೇನೆ, ಮೊಳೆ ಕೀಳಲು ಸುತ್ತಿಗೆಯ ಹಿಂಬದಿ ಸಾಕು. ಹೀಗೆ ಕಾಯುವುದಕ್ಕಿಂತ ತೀರ್ಮಾನವಾಗಿಬಿಡಲಿ ಎನಿಸಿತು. ಎದ್ದು, ಹಲಗೆಯನ್ನು ಸುತ್ತಿಕೊಂಡು ಗಿರಾಕಿಗಳು ನಿಲ್ಲುವ ಕಡೆ ಹೋಗಿ, ಅವಳ ಎದುರಿಗೆ ನಿಂತು ಸಾವಿರ ವಾನ್ ನೋಟು ಚಾಚಿದೆ.

"ಒಂದು ಮೀನು ಕೊಡಿ ಅಜ್ಜಿ. ಇವತ್ತಿನ ಬೋಣಿ ನಾನು ಮಾಡ್ತೀನಿ."

ಟೋಫು ಅಕ್ಕನ ಚಾಕು ನಿಂತಿತು. ಕನ್ನಡಕವಿದ್ದದ್ದರಿಂದ ಅಜ್ಜಿಯ ಮುಖ ನನಗೆ ಪೂರ್ತಿ ಕಾಣುತ್ತಿತ್ತು. ಎಡಗಣ್ಣಿನ ಕೆಳಗೆ ಒಂದು ನರ ಮಿಡಿಯುತ್ತಿತ್ತು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಅವಳು ಹೆದರಿದ್ದಳು. ಐವತ್ತು ವರ್ಷ ಪ್ರತಿ ಬೆಳಿಗ್ಗೆ ಈ ಹೆಂಗಸು ಹೀಗೆಯೇ ಹೆದರಿಕೊಂಡೇ ಕೂತಿದ್ದಾಳೆಂದು ನನಗೆ ಹೊಳೆದದ್ದು ಆಗಲೇ. ಅದುವರೆಗೂ ಹೆದರುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಅವಳು ನೋಟು ತೆಗೆದುಕೊಂಡಳು. ಉಗಿಯಲಿಲ್ಲ, ಹಣೆಗೂ ಒತ್ತಿಕೊಳ್ಳಲಿಲ್ಲ. ನಾಲ್ಕು ಮಡಿಕೆ ಮಾಡಿ ಸೊಂಟದ ಚೀಲಕ್ಕೆ ಹಾಕಿದಳು. ಹಿಂದಿನ ಬುಟ್ಟಿಯಿಂದ ಒಂದು ಮೀನು ಹುಡುಕಿ ತೆಗೆದಳು.

"ಬಾಲ ಮುರ್ದಿದೆ," ಎಂದಳು. "ಕನ್ನಡಕ ಹಾಕ್ಕೊಂಡಿದೀಯಲ್ಲ, ನೋಡ್ಕೊಂಡೇ ತಗೊ. ಆಮೇಲೆ ಕಾಣ್ಲಿಲ್ಲ ಅನ್ಬೇಡ."

ಅವತ್ತು ವ್ಯಾಪಾರ ಚೆನ್ನಾಗಿ ಆಗಲಿಲ್ಲ. ಹತ್ತರ ಮೇಲೆ ಮಳೆ ಹಿಡಿಯಿತು, ಸಂಜೆಯವರೆಗೂ ಬಿಡಲಿಲ್ಲ. ಅಜ್ಜಿಯ ಮೀನು ನನ್ನದೂ ಸೇರಿ ಐದು ಹೋದವು. ನನ್ನ ಬೋಗುಣಿಗಳಲ್ಲಿ ಅರ್ಧಕ್ಕರ್ಧ ಉಳಿಯಿತು. ಟೋಫು ಅಕ್ಕ ಮಾರು ದೂರದಿಂದಲೇ ನನ್ನ ಕನ್ನಡಕವನ್ನು ನೋಡುವಳು, ಆಕಾಶವನ್ನು ನೋಡುವಳು, ನಿಟ್ಟುಸಿರು ಬಿಡುವಳು. ಮುಚ್ಚುವ ಹೊತ್ತಿಗೆ ಅಜ್ಜಿ ಸುತ್ತಿಗೆ ಕೈಗೆತ್ತಿಕೊಂಡಳು. ನಾನು ಚೀಲವನ್ನು ಮೊಳೆಯಿಂದ ತೆಗೆದು ಎದೆಗವಚಿಕೊಂಡೆ. ಅವಳು ಸ್ಟೂಲು ಹತ್ತಿದಳು. ಎರಡೇ ಏಟು. ಮೊಳೆ ಇನ್ನಷ್ಟು ಒಳಗೆ ಹೋಯಿತು.

"ವಾಲಿತ್ತು," ಎಂದಳು, ಇಳಿಯುತ್ತಾ. "ಮಾರ್ಚ್ ತಿಂಗಳಲ್ಲಿ ಮಳೆ ನಾನು ಮದುವೆಯಾಗೋಕ್ ಮುಂಚಿಂದಾನೂ ಬರ್ತಿದೆ. ನಾಳೆ ಬೇಗ ಬಾ."

ಆಮೇಲಿನ ದಿನಗಳಲ್ಲಿ ನಾನು ಕಂದು ಕೋಟುಗಳನ್ನು ನೋಡುತ್ತಾ ಕೂತೆ. ಊರಿನಲ್ಲಿ ಅಷ್ಟೊಂದು ಕಂದು ಕೋಟುಗಳಿರುತ್ತವೆಂದು ಗೊತ್ತಿರಲಿಲ್ಲ. ಕನ್ನಡಕದ ಹೆಂಗಸರು ಬೆಳಗಿನಲ್ಲಿ ಎಷ್ಟು ಗೋಡೆಯ ಪಕ್ಕಕ್ಕೆ ಸರಿದು ನಡೆಯುತ್ತಾರೆಂದೂ ಗೊತ್ತಿರಲಿಲ್ಲ. ನನಗೆ ಕಾಣಬೇಕಾದ ಮುಖವನ್ನು ನಾನು ಕಂಡೇ ಇರಲಿಲ್ಲ. ಹಾಗಾಗಿ ಪ್ರತಿಯೊಂದೂ ಅದೇ ಇರಬಹುದಿತ್ತು. ಕಡ್ಡಿಯಲ್ಲಿ ಕಾಳು ಚುಚ್ಚಿ ಎಲ್ಲರಿಗೂ ಚಾಚುತ್ತಿದ್ದೆ.

ಚೆರ್ರಿ ಹೂ ಉದುರುವ ಹೊತ್ತಿಗೆ, ಬೆಳಿಗ್ಗೆ ಏಳೂವರೆಯಲ್ಲಿ, ಒಬ್ಬಳು ಬಂದಳು. ಕೋಟು ಇರಲಿಲ್ಲ, ಚಳಿ ಕಡಿಮೆಯಾಗಿತ್ತು. ಬೂದು ಬಣ್ಣದ ಸ್ವೆಟರು, ದಪ್ಪ ಗಾಜಿನ ಕನ್ನಡಕ, ನನಗಿಂತ ಸ್ವಲ್ಪ ಕಡಿಮೆ ವಯಸ್ಸು. ಹಲಗೆಯಿಂದ ಎರಡು ಹೆಜ್ಜೆ ದೂರದಲ್ಲೇ ನಿಂತು ಬೋಗುಣಿಗಳನ್ನು ನೋಡಿದಳು. ಬೆಲೆ ಕೇಳಲಿಲ್ಲ.

"ಮುಂಚೆ ಒಂದ್ಸಲ ಬಂದಿದ್ರಾ?" ಎಂದು ಕೇಳಿದೆ.

"ಇಲ್ಲ," ಎಂದಳು. ಅಷ್ಟು ಸಣ್ಣ ಮಾತಿನಲ್ಲಿ ದನಿ ಗುರುತಿಸಲಾಗಲಿಲ್ಲ.

ಕಾಳು ಚಾಚಿದೆ. ತಲೆಯಾಡಿಸಿ ಬೇಡವೆಂದಳು. ಆಮೇಲೆ ಹೊರಟಳು. ಆದರೆ ತಿರುಗಲಿಲ್ಲ. ನನ್ನ ಕೈಗಳನ್ನೇ ನೋಡುತ್ತಾ, ಮುಖ ನನ್ನ ಕಡೆಗೇ ಇಟ್ಟುಕೊಂಡು, ಮೂರು ಹೆಜ್ಜೆ ಹಿಂದಕ್ಕೆ ಹೋದಳು. ಬೆನ್ನು ತೋರಿಸದೆ ಹೋಗಲು ಆ ಬೆನ್ನಿಗೆ ಕಾರಣವಿರಬೇಕು.

ಇನ್ನೂ ಬೋಣಿಯಾಗಿರಲಿಲ್ಲ. ಟೋಫು ಅಕ್ಕ ಬಾಯಿ ತೆರೆದಳು, ಹೋಯ್ತಲ್ಲಪ್ಪ ಎಂದು ಶುರು ಮಾಡಿದಳು. ಅಜ್ಜಿ ಅವಳಿಗೆ ನಿನ್ನ ಟೋಫು ನೋಡ್ಕೊ ಎಂದಳು. ಹಾಗೆನ್ನುತ್ತಲೇ ಕಾಲಿನಿಂದ ಉಪ್ಪಿನ ಬಟ್ಟಲನ್ನು ಹಲಗೆಯ ಕೆಳಗೆ ತೀರ ಒಳಗೆ ತಳ್ಳಿದಳು.

ನಾನು ಎದ್ದು ನಿಂತೆ. ಕ್ಷಮಿಸಿ ಎನ್ನಬೇಕೆಂದು ತಿಂಗಳಿಂದ ಮಾತು ಜೋಡಿಸಿಟ್ಟಿದ್ದೆ, ಕರಡು ತಿದ್ದಿದ ಹಾಗೆ ತಿದ್ದಿಟ್ಟಿದ್ದೆ. ಅವಳೇ ಅಲ್ಲದಿದ್ದರೆ? ಅವಳೇ ಆಗಿದ್ದರೆ, ಇಷ್ಟು ಜನರ ನಡುವೆ ಅದನ್ನು ಕೇಳಿಸಿಕೊಳ್ಳಲು ಅವಳಿಗೆ ಇಷ್ಟವಿರುತ್ತದೆಯೇ?

"ಸಕ್ಕರೆ ಕೊನೇಲಿ ಹಾಕ್ಬೇಕು," ಎಂದೆ. ದನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಕಾಳು ಪೂರ್ತಿ ಬೆಂದ್ಮೇಲೆ. ಮೊದ್ಲೇ ಹಾಕಿದ್ರೆ ಗಟ್ಟಿಯಾಗುತ್ತೆ. ನೆನೆಸಿದ ನೀರನ್ನ ಚೆಲ್ಬೇಡಿ, ಅದ್ರಲ್ಲೇ ಬೇಯ್ಸಿ."

ಅವಳು ನಿಂತಳು. ಮೀನಿನ ಗಾಡಿಯೊಂದು ನಮ್ಮಿಬ್ಬರ ನಡುವೆ ಹಾದುಹೋಯಿತು. ಅದು ದಾಟಿದ ಮೇಲೂ ಅವಳು ಅಲ್ಲೇ ಇದ್ದಳು.

"ಸೋಯಾ ಸಾಸು?" ಎಂದು ಕೇಳಿದಳು. "ಅದನ್ನ ಯಾವಾಗ ಹಾಕೋದು?"